ಕೈಗಿಂತ ಕಣ್ಣು ಮುಂದು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಮೆಟ್ಟುಗತ್ತಿಯಿಂದ ಅಡಿಕೆ ಸುಲಿಯುವ ನುರಿತವರ ಚುರುಕು ಅವಸರದ ಫಲವಲ್ಲ, ಅಭ್ಯಾಸದ ಫಲ. ಅವಸರಿಸಿದರೆ ಬೆರಳಿಗೇ ಅಪಾಯ. ರೂಬಿಕ್ ಘನದ ವಿಷಯವೂ ಹಾಗೆಯೇ.

1974ರಲ್ಲಿ ಹಂಗೇರಿಯ ಎರ್ನೊ ರೂಬಿಕ್ ನಿರ್ಮಿಸಿದ ಈ ಒಗಟಿನಲ್ಲಿ ಆರು ಮುಖಗಳೂ ಒಂದೊಂದೇ ಬಣ್ಣವಾಗುವಂತೆ ತಿರುಗಿಸಬೇಕು. ಅದು ತಾಳಬಲ್ಲ ವಿನ್ಯಾಸಗಳ ಸಂಖ್ಯೆ 43ರ ಮುಂದೆ 18 ಸೊನ್ನೆಗಳನ್ನಿಟ್ಟುದಕ್ಕಿಂತಲೂ ಅಧಿಕ. ಆದುದರಿಂದ ಸುಮ್ಮನೆ ತಿರುಗಿಸಿದರೆ ಅದು ಕೈಗೂಡದು, ಕ್ರಮ ಬೇಕು.

ಹೊಸಬನು ಮೂಲೆಯ ತುಂಡನ್ನೂ ಅಂಚಿನ ತುಂಡನ್ನೂ ಬೇರೆಬೇರೆಯಾಗಿ ಕೂಡಿಸುತ್ತಾನೆ. ನುರಿತವನು ಮೊದಲು ಒಂದು ಮುಖದಲ್ಲಿ ಸಂಕಲನ ಚಿಹ್ನೆಯ ಆಕಾರವನ್ನು ಮೂಡಿಸಿ, ಬಳಿಕ ಅವೆರಡನ್ನೂ ಜೋಡಿಮಾಡಿ ಒಮ್ಮೆಗೇ ಸೇರಿಸುತ್ತಾನೆ. ಒಂದು ಜೋಡಿ ನೆಲೆ ಸೇರುವಷ್ಟರಲ್ಲಿ ಅವನ ಕಣ್ಣು ಮುಂದಿನದನ್ನು ಗುರುತಿಸಿರುತ್ತದೆ. ಕಾಲ ವ್ಯರ್ಥವಾಗುವುದು ಹೆಚ್ಚಾಗಿ ಬೆರಳಿನ ನಿಧಾನದಿಂದಲ್ಲ, ನಡುನಡುವೆ ನಿಂತು ಹುಡುಕುವುದರಿಂದ. ವೇಗವನ್ನು ಬಯಸುವವನು ಮೊದಲು ತಡೆಯಿಲ್ಲದೆ ಮೆಲ್ಲನೆ ತಿರುಗಿಸುವುದನ್ನು ಕಲಿಯಬೇಕು.