ಒಪ್ಪಂದಪತ್ರವನ್ನು ಓದುವ ಬಗೆ

ದಲಿತ ವಿಮರ್ಶೆ ಎಂದಾಕ್ಷಣ ನಾವು ಕತೆ, ಕವಿತೆ, ಆತ್ಮಕತೆಗಳ ಕಡೆ ತಿರುಗುತ್ತೇವೆ. ಆದರೆ ಪೌರಕಾರ್ಮಿಕರ ಬದುಕನ್ನು ನಿರ್ಧರಿಸುವ ಪಠ್ಯ ಅದಲ್ಲ. ಸಭೆಯ ನಡಾವಳಿ, ಸುತ್ತೋಲೆ, ಒಪ್ಪಂದಪತ್ರ. ಸರ್ಕಾರದ ಎದುರು ಮಾತುಕತೆಗೆ ಕೂರುವ ಸಂಘಕ್ಕೂ ವಿಮರ್ಶೆಯ ಕಣ್ಣು ಬೇಕೆಂಬುದು ನನ್ನ ವಾದ.

ಮೊದಲ ಪ್ರಶ್ನೆ, ಧಣಿ ಯಾರು? ಬೀದಿ ನಗರದ್ದು, ಕಸ ನಗರದ್ದು, ಕೂಲಿ ಮಾತ್ರ ಗುತ್ತಿಗೆದಾರನದ್ದು. 'ನಮ್ಮನ್ಯಾಕೆ ಕೇಳ್ತೀರಿ, ಕಂಟ್ರಾಕ್ಟರನ್ನ ಕೇಳ್ರಿ' ಅಂತಾರೆ ಸಾಹೇಬರು. ಮುಟ್ಟದೆಯೇ ಕೆಲಸ ತೆಗೆಯುವ ಜಾತಿಯ ಹಳೇ ಜಾಣತನಕ್ಕೆ ಗುತ್ತಿಗೆ ಎಂಬುದು ಆಡಳಿತದ ವೇಷ, ಅಷ್ಟೆ. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕನ ನೌಕರರಾಗುವುದಿಲ್ಲ ಎಂದಿತು. ಗುತ್ತಿಗೆಯೇ ಸೋಗೆಂದು ಸಾಬೀತಾದರೆ ಮಾತು ಬೇರೆ. ಆದ್ದರಿಂದ ಹಾಜರಿ ಹಾಕುವವರು ಯಾರು, ಬೀದಿ ಹಂಚುವವರು ಯಾರು, ರಜೆ ಕೊಡುವವರು ಯಾರು ಎಂಬುದನ್ನು ಸಂಘ ದಿನದಿನವೂ ಬರೆದಿಡಬೇಕು. 2006ರ ಉಮಾದೇವಿ ತೀರ್ಪು ನಮ್ಮ ರಾಜ್ಯದ್ದೇ ಮೊಕದ್ದಮೆ. ಎಷ್ಟು ವರ್ಷ ದುಡಿದರೂ ಅಷ್ಟರಿಂದಲೇ ಕಾಯಂ ಆಗುವ ಹಕ್ಕು ಹುಟ್ಟದು ಎಂದಿತು ಅದು. ಕೋರ್ಟಿನ ಬಾಗಿಲು ಕಿರಿದಾದಷ್ಟೂ ಮಾತುಕತೆಯ ಮೇಜು ಮುಖ್ಯವಾಯಿತು.

ಎರಡನೆಯದು ವ್ಯಾಕರಣ. ಸರ್ಕಾರಿ ಕನ್ನಡಕ್ಕೆ ಕರ್ತೃವೇ ಇರುವುದಿಲ್ಲ. 'ಪರಿಶೀಲಿಸಲಾಗುವುದು', 'ಕ್ರಮ ಕೈಗೊಳ್ಳಲಾಗುವುದು'. ಯಾರಪ್ಪಾ ಪರಿಶೀಲಿಸೋರು? ಯಾವತ್ತು? ಯಾವ ದುಡ್ಡಲ್ಲಿ? ಅಧಿಕಾರಿಯ ಹುದ್ದೆ, ತಾರೀಖು, ಹಣದ ಬಾಬತ್ತು ಈ ಮೂರೂ ಇಲ್ಲದ ವಾಕ್ಯಕ್ಕೆ ಸಂಘ ರುಜು ಹಾಕಬಾರದು. ಖಾಸಗಿ ಮಾಲೀಕ ಲಾಭದಿಂದ ಕೊಡುತ್ತಾನೆ; ಸರ್ಕಾರ ಮಂಜೂರಾತಿಯಿಂದ ಕೊಡುತ್ತದೆ. ಹಾಗಾಗಿ ಬೇಡಿಕೆ ಪಟ್ಟಿ ಬಜೆಟ್ಟಿಗೆ ಮುಂಚೆಯೇ ಮೇಜಿನ ಮೇಲಿರಬೇಕು.

ಮೂರನೆಯದು, ಒಡೆಯಲು ಬಿಡದಿರುವುದು. 2018ರಲ್ಲಿ ಬೆಂಗಳೂರಿನ ಗುಡಿಸುವವರಿಗೆ ಪಾಲಿಕೆಯೇ ನೇರ ಸಂಬಳ ಕೊಡತೊಡಗಿತು. ಕಸದ ಆಟೋ ಚಾಲಕರು, ಸಹಾಯಕರು ಗುತ್ತಿಗೆಯಲ್ಲೇ ಉಳಿದರು. ಒಂದೇ ಕಸ, ಎರಡು ಥರದ ಕೂಲಿಕಾರರು! 2022ರ ಜುಲೈ 1ರಿಂದ ನಾಲ್ಕು ದಿನ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಬಾಯಿಮಾತಿಗೆ ಬಗ್ಗದೆ ಲಿಖಿತ ಭರವಸೆಗೆ ಪಟ್ಟು ಹಿಡಿದರು. 2025ರ ಮೇ 1ರಂದು ಅಂದಿನ ಬಿಬಿಎಂಪಿಯ 12 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಭರವಸೆಗೂ ಪತ್ರಕ್ಕೂ ನಡುವೆ ಮೂರು ವರ್ಷ. ಆ ಅಂತರವನ್ನು ಕಾಯುವುದೂ ಸಂಘದ ಕೆಲಸವೇ.

ಇದು ನಮ್ಮೂರಿನ ಕತೆ ಮಾತ್ರವಲ್ಲ. 1968ರ ಫೆಬ್ರವರಿಯಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತರು. ಸುಮಾರು 1,300 ಕಪ್ಪು ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೇಯರ್ ಹೆನ್ರಿ ಲೋಬ್ ಸಂಘವನ್ನು ಮಾನ್ಯ ಮಾಡಲೊಲ್ಲ, ಸಂಬಳದಲ್ಲಿ ಸಂಘದ ವಂತಿಗೆ ಮುರಿಯಲೊಲ್ಲ. ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಕೊಲೆಯಾದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಮಾನ್ಯತೆ ಸಿಕ್ಕಿತು, ವಂತಿಗೆಯನ್ನು ನಗರ ನೇರ ಮುರಿಯದೆ ನೌಕರರ ಪತ್ತಿನ ಸಂಘದ ಮೂಲಕ ದಾಟಿಸಲಾಯಿತು. ಮೇಯರನ ಹಟಕ್ಕೆ ಮುಖ ಉಳಿಯಿತು, ಸಂಘಕ್ಕೆ ಜೀವ ಉಳಿಯಿತು. ಎಲ್ಲಿ ಬಾಗಬಹುದು, ಎಲ್ಲಿ ಕೂಡದು ಎಂಬ ವಿವೇಕವಿದು.

'ನಾನು ಮನುಷ್ಯ' ಎಂಬ ಫಲಕ ಹಿಡಿದು ಅವರು ಬೀದಿಯಲ್ಲಿ ನಡೆದಿದ್ದರು. ಆ ಘೋಷಣೆ ಕೊನೆಗೆ ಕೂಲಿ, ಮಾನ್ಯತೆ, ದೂರು ಹೇಳಿಕೊಳ್ಳುವ ಹಕ್ಕುಗಳ ಕಲಮುಗಳಾಗಿ ಕಾಗದಕ್ಕೆ ಇಳಿಯಿತು. ನಮ್ಮ ಸ್ವಾಭಿಮಾನದ ಮಾತೂ ಹಾಗೆ ಕಲಮುಗಳಾಗಿ ಇಳಿಯಬೇಕು. ಬರೆಯಬಲ್ಲ, ಓದಬಲ್ಲ ಗೆಳೆಯರು ಆ ಮೇಜಿನ ಬಳಿ ಬಂದು ಕೂರಲಿ.