ಅರ್ಜಿ ತಿದ್ದುವ ಬಳಗ: ಗ್ರಾಮಸಭೆಯಲ್ಲಿ ಸಲಹೆಯ ಸೇವೆ ಮತ್ತು ಅದರ ನವೀಕರಣ

ಪ್ರತಿ ವರ್ಷ ಗಾಂಧಿ ಜಯಂತಿಯ ಹೊತ್ತಿಗೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಸಿದ್ಧತೆ ಆರಂಭವಾಗುತ್ತದೆ. 2018ರ ಅಕ್ಟೋಬರ್ 2ರಂದು ಮೊದಲಾದ ಜನರ ಯೋಜನಾ ಅಭಿಯಾನವು ಈ ಕಾರ್ಯಕ್ಕೆ ದೇಶಾದ್ಯಂತ ಒಂದು ಋತುವನ್ನು ನಿಗದಿಪಡಿಸಿತು. ಕರ್ನಾಟಕದ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಬೇಡಿಕೆ ಹುಟ್ಟಬೇಕಾದುದು ಕೆಳಗಿನಿಂದ: ಜನವಸತಿ ಸಭೆಯಲ್ಲಿ ಹೇಳಿದ ಮಾತು ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ, ಕೊನೆಗೆ ಪಂಚಾಯಿತಿಯ ಯೋಜನೆಯೊಳಕ್ಕೆ. ದಾರಿ ಸ್ಪಷ್ಟವಾಗಿದೆ. ಆದರೆ ಈ ದಾರಿಯಲ್ಲಿ ಹೊರಟ ಬೇಡಿಕೆಗಳಲ್ಲಿ ಅನೇಕವು ನಡುವೆಯೇ ಕಳೆದುಹೋಗುತ್ತವೆ. ಅವು ಅನ್ಯಾಯದ ಬೇಡಿಕೆಗಳೇನಲ್ಲ. ಯೋಜನೆಯ ರೂಪ ಪಡೆಯದೆ ಬರಿಯ ಮಾತಾಗಿ ಉಳಿದಂಥವು. ಅವುಗಳಿಗೆ ರೂಪ ಕೊಡಲು ನೆರವಾಗುವ ಸ್ವಯಂಸೇವಕರ ಬಳಗವೊಂದು ಹೇಗೆ ಬಾಡುತ್ತದೆ, ಮತ್ತೆ ಹೇಗೆ ಚಿಗುರುತ್ತದೆ ಎಂಬುದೇ ಈ ಲೇಖನದ ವಿಷಯ. ನಾಳೆ ಹಳ್ಳಿಯ ಧರ್ಮಕೇಂದ್ರಗಳಿಗೆ ನಿಯುಕ್ತರಾಗಲಿರುವ ಗುರುಮಠದ ವಿದ್ಯಾರ್ಥಿಗಳಿಗೆ ಇದು ಪಾಲನಾ ಸೇವೆಯ ಪ್ರಶ್ನೆ. ಧರ್ಮಸಭಾಶಾಸ್ತ್ರದ ಪ್ರಶ್ನೆಯೂ ಹೌದು.

ಮೊದಲು ನೆಲದ ಸ್ಥಿತಿ. ತೆಂಗಳಿಯ ಸುತ್ತಲಿನ ಸೀಮೆ ತೊಗರಿಯ ಹೊಲಗಳದು, ಪರಸಿ ಕಲ್ಲಿನ ಗಣಿಗಳದು. ವಾಡಿ, ಶಹಾಬಾದ್‌ಗಳ ಕಡೆ ಸಿಮೆಂಟಿನದು. ಪ್ರೊ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯು ಚಿತ್ತಾಪುರ, ಸೇಡಂ, ಚಿಂಚೋಳಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಆ ಮೇಲೆ ಸಂವಿಧಾನದ 371(ಜೆ) ವಿಧಿ ಬಂದಿತು, ಪ್ರದೇಶಾಭಿವೃದ್ಧಿ ಮಂಡಳಿಯೂ ಬಂದಿತು. 2015ರಿಂದ ಹಣಕಾಸು ಆಯೋಗದ ಅನುದಾನವು ನೇರವಾಗಿ ಗ್ರಾಮ ಪಂಚಾಯಿತಿಗೆ ಬರತೊಡಗಿತು. ಹಣ ಸಾಲುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬರುವ ಹಣಕ್ಕೂ ಕೇಳುವ ಬಾಯಿಗೂ ನಡುವೆ ಇರುವ ಅಂತರ ಹಣದಿಂದಲೇ ತುಂಬುವಂಥದಲ್ಲ.

ಒಂದು ಸಾಮಾನ್ಯ ಉದಾಹರಣೆ. ವಾರ್ಡ್ ಸಭೆಯಲ್ಲಿ ಒಬ್ಬಾಕೆ ಎದ್ದು ‘ನಮ್ಮ ಓಣಿಗೆ ಚರಂಡಿ ಬೇಕು’ ಎನ್ನುತ್ತಾಳೆ. ನಡವಳಿ ಪುಸ್ತಕದಲ್ಲಿ ‘ಚರಂಡಿ’ ಎಂಬ ಒಂದೇ ಪದ ದಾಖಲಾಗುತ್ತದೆ. ಎಲ್ಲಿಂದ ಎಲ್ಲಿಯವರೆಗೆ? ಎಷ್ಟು ಮೀಟರ್? ನೀರು ಕೊನೆಗೆ ಯಾರ ಹೊಲಕ್ಕೆ ಬೀಳುತ್ತದೆ, ಆತ ಒಪ್ಪಿದ್ದಾನೆಯೇ? ಹೂಳು ತೆಗೆಯುವವರು ಯಾರು? 15ನೇ ಹಣಕಾಸು ಆಯೋಗವು ತನ್ನ ಅನುದಾನದ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿಸಿ, ಉಳಿದ ಶೇ. 40ನ್ನು ಪಂಚಾಯಿತಿಯ ವಿವೇಚನೆಗೆ ಬಿಟ್ಟಿತ್ತು. ಹಾಗಿದ್ದಾಗ ಕೇಳುತ್ತಿರುವುದು ಯಾವ ಭಾಗದ ಹಣವನ್ನು ಎಂಬುದು ತಿಳಿದಿರಬೇಕಾಗುತ್ತದೆ. ಈ ಐದಾರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋದ ಓಣಿಗೂ ಒಂದೇ ಪದ ಹೇಳಿ ಕುಳಿತ ಓಣಿಗೂ ಗ್ರಾಮಸಭೆಯಲ್ಲಿ ಸಿಗುವ ಕಿವಿ ಬೇರೆ. ಮೇಲಾಗಿ, ಉತ್ತರಗಳನ್ನು ಬರೆದುಕೊಂಡು ಹೋಗಬಲ್ಲವರು ಸಾಮಾನ್ಯವಾಗಿ ಊರಿನ ಮೇಲುಭಾಗದವರೇ ಆಗಿರುತ್ತಾರೆ. ಆದ್ದರಿಂದ ಅರ್ಜಿ ತಿದ್ದುವ ಸೇವೆ ಗುಮಾಸ್ತಿಕೆಯಲ್ಲ, ನ್ಯಾಯದ ಕಾರ್ಯ.

ಈ ನಂಬಿಕೆಯಿಂದಲೇ ಕೆಲವು ವರ್ಷಗಳ ಹಿಂದೆ, ನಾನು ವಾರಾಂತ್ಯದ ಸೇವೆಗೆ ಹೋಗುತ್ತಿದ್ದ ಕಡೆ, ನಾವು ಏಳೆಂಟು ಮಂದಿ ಒಂದು ಬಳಗ ಕಟ್ಟಿದೆವು. ನಿವೃತ್ತ ಶಿಕ್ಷಕರೊಬ್ಬರು, ಇಬ್ಬರು ಆಶಾ ಕಾರ್ಯಕರ್ತೆಯರು, ಗಣಿಯಲ್ಲಿ ಲೆಕ್ಕ ಬರೆಯುವವರೊಬ್ಬರು, ಪದವಿ ಓದಿದ ಲಂಬಾಣಿ ಯುವಕನೊಬ್ಬ, ಹೀಗೆ. ಕ್ರೈಸ್ತರು ಮೂವರೇ. ಮೊದಲ ವರ್ಷ ಜನರು ನಮ್ಮನ್ನು ಹುಡುಕಿಕೊಂಡು ಬಂದರು. ಎರಡನೆಯ ವರ್ಷ ನಾವು ಅವರನ್ನು ಹುಡುಕಿಕೊಂಡು ಹೋದೆವು. ಮೂರನೆಯ ವರ್ಷ ಹೋದಾಗ ಬಾಗಿಲಲ್ಲಿ ಚಹಾ ಸಿಕ್ಕಿತು, ಬೇಡಿಕೆ ಸಿಗಲಿಲ್ಲ. ಬಳಗದ ಸಭೆಗೂ ನಾನು, ಶಿಕ್ಷಕರು ಇಬ್ಬರೇ ಉಳಿದೆವು.

ಇಂಥ ಸಂದರ್ಭದಲ್ಲಿ ಗುರುಗಳಾದ ನಾವು ಸಾಮಾನ್ಯವಾಗಿ ಮಾಡುವ ರೋಗನಿರ್ಣಯ ನನಗೂ ಹೊಳೆಯಿತು: ಜನರಿಗೆ ಆಸಕ್ತಿಯಿಲ್ಲ, ತರಬೇತಿ ಶಿಬಿರವೊಂದನ್ನು ಏರ್ಪಡಿಸಬೇಕು. ಶಿಬಿರವೂ ಆಯಿತು, ಊಟವೂ ಆಯಿತು. ಬಳಗ ಮಾತ್ರ ಏಳಲಿಲ್ಲ. ನಿಜವಾದ ಕಾರಣವನ್ನು ಹೇಳಿದವಳು ತಾಂಡಾದ ಒಬ್ಬ ವೃದ್ಧೆ: ‘ಅರ್ಜಿ ಛಲೋ ಅದರಿ ಫಾದರ್, ಆದ್ರ ಅದು ನಮ್ದಲ್ಲರಿ.’

ಆಗಿದ್ದು ಇಷ್ಟು. ತಾಂಡಾದವರು ಕೇಳಿದ್ದು ಸ್ಮಶಾನಕ್ಕೆ ದಾರಿ. ಮಳೆಗಾಲದಲ್ಲಿ ಹೆಣ ಹೊತ್ತವರು ಎರೆಮಣ್ಣಿನಲ್ಲಿ ಮೊಣಕಾಲವರೆಗೆ ಹೂತು ಹೋಗುತ್ತಿದ್ದರು. ಹೊಲದ ಒಡೆಯನ ಮುಂದೆ ಪ್ರತಿ ಸಾವಿಗೂ ಕೈಮುಗಿದು ನಿಲ್ಲಬೇಕಿತ್ತು. ನಮ್ಮ ಬಳಗ ಕುಳಿತು ಚರ್ಚಿಸಿತು. ದಾರಿಯ ಜಾಗದ ತಕರಾರು ಬಗೆಹರಿಯುವಂಥದಲ್ಲ, ಅದಕ್ಕಿಂತ ನೀರಿನ ತೊಟ್ಟಿ ಬೇಗ ಮಂಜೂರಾಗುತ್ತದೆ, ಬದುಕಿರುವವರಿಗೆ ಪ್ರಯೋಜನವೂ ಹೆಚ್ಚು ಎಂದು ತೀರ್ಮಾನಿಸಿದೆವು. ಅಂದವಾದ ಅರ್ಜಿ ಬರೆದೆವು. ತೊಟ್ಟಿ ಬಂದಿತು. ನಾವು ಅದನ್ನು ಯಶಸ್ಸೆಂದು ಎಣಿಸಿದೆವು. ತೊಟ್ಟಿ ಬೇಕೇ ದಾರಿ ಬೇಕೇ ಎಂದು ಮಾತ್ರ ತಾಂಡಾದ ಯಾರನ್ನೂ ಕೇಳಿರಲಿಲ್ಲ. ಆ ತೀರ್ಮಾನವನ್ನು ಮೊದಲು ಮುಂದಿಟ್ಟವನು ನಾನೇ ಎಂಬುದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ.

ನಮ್ಮ ತಪ್ಪನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ನೆರೆಯ ಕೇರಳದ ಅನುಭವ. 1996ರ ಆಗಸ್ಟ್‌ನಲ್ಲಿ ಅಲ್ಲಿ ಜನಕೀಯ ಯೋಜನಾ ಆಂದೋಲನ ಆರಂಭವಾಯಿತು. ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲಾಯಿತು. ಕಾಸರಗೋಡಿನ ಕನ್ನಡ ಹಳ್ಳಿಗಳೂ ಇದರ ವ್ಯಾಪ್ತಿಯಲ್ಲಿದ್ದವು. ಮರುವರ್ಷ ಪಂಚಾಯಿತಿಗಳು ತಯಾರಿಸಿದ ಯೋಜನೆಗಳನ್ನು ತೆರೆದು ನೋಡಿದಾಗ ಅಂದಾಜು ಪಟ್ಟಿಗಳಲ್ಲಿ, ತಾಂತ್ರಿಕ ವಿವರಗಳಲ್ಲಿ ಬೇಕಾದಷ್ಟು ದೋಷಗಳು ಕಂಡವು. ತಿರಸ್ಕರಿಸಿ ಹಿಂದಿರುಗಿಸುವುದು ಆಡಳಿತದ ರೂಢಿ. ಅಲ್ಲಿನ ಯೋಜನಾ ಮಂಡಳಿ ಬೇರೆ ದಾರಿ ಹಿಡಿಯಿತು. ನಿವೃತ್ತ ಎಂಜಿನಿಯರುಗಳು, ವೈದ್ಯರು, ಅಧ್ಯಾಪಕರು, ಬ್ಯಾಂಕ್ ಅಧಿಕಾರಿಗಳು ಮುಂತಾದವರನ್ನು ಸ್ವಯಂಸೇವೆಗೆ ಕರೆಯಿತು. 4,000ಕ್ಕೂ ಹೆಚ್ಚು ಮಂದಿ ಮುಂದೆ ಬಂದು ಸ್ವಯಂಸೇವಾ ತಾಂತ್ರಿಕ ದಳವಾದರು. ಅವರಿಂದ ರಚಿತವಾದ ತಜ್ಞ ಸಮಿತಿಗಳಿಗೆ ಕೊಟ್ಟ ಕೆಲಸ ಯೋಜನೆಯ ದೋಷಗಳನ್ನು ತಿದ್ದುವುದು. ಪಂಚಾಯಿತಿ ನಿಶ್ಚಯಿಸಿದ ಆದ್ಯತೆಗಳನ್ನು ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ಸೇತುವೆಯ ಅಳತೆ ತಪ್ಪಿದ್ದರೆ ಸರಿಪಡಿಸಬಹುದು. ಸೇತುವೆಯ ಬದಲು ಶಾಲೆ ಕಟ್ಟಿ ಎನ್ನುವಂತಿಲ್ಲ.

ಆ ಆಂದೋಲನವನ್ನು ಆದರ್ಶವೆಂದು ಎತ್ತಿಹಿಡಿಯುವುದು ನನ್ನ ಉದ್ದೇಶವಲ್ಲ. ಮೊದಲ ವರ್ಷಗಳ ಹುರುಪು ಅಲ್ಲಿಯೂ ಉಳಿಯಲಿಲ್ಲ. 2001ರಲ್ಲಿ ಸರ್ಕಾರ ಬದಲಾದ ಮೇಲೆ ಸ್ವಯಂಸೇವಕರ ಪಾತ್ರ ಕುಗ್ಗಿತು. ಆದರೂ ಆ ಒಂದು ಗೆರೆ, ತಿದ್ದಬಹುದು, ಆದರೆ ಆಯ್ಕೆ ನಿಮ್ಮದಲ್ಲ ಎಂಬ ಗೆರೆ, ನಾವು ದಾಟಿದ ಗೆರೆಯೇ ಆಗಿತ್ತು.

ಗುರುವಾದವನಿಗೆ ಈ ಗೆರೆ ಕಾಣದಿರಲು ವಿಶೇಷ ಕಾರಣವೊಂದಿದೆ. ಧರ್ಮಸಭೆಯ ಕಾನೂನು ಸಂಹಿತೆಯ (1983) 536ನೇ ವಿಧಿಯ ಪ್ರಕಾರ ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಇರುವುದು ಸಲಹೆಯ ಮತ ಮಾತ್ರ. ಶ್ರೀಸಾಮಾನ್ಯರು ಸಲಹೆ ನೀಡುತ್ತಾರೆ, ತೀರ್ಮಾನ ಧರ್ಮಕೇಂದ್ರದ ಗುರುವಿನದು. ಗ್ರಾಮಸಭೆಯಲ್ಲಿ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಅಲ್ಲಿ ತೀರ್ಮಾನ ಮತದಾರರದು. ನಾವು, ನಮ್ಮ ಬಳಗ, ಸಲಹೆಗಾರರು. ಅದೇ ಸಂಹಿತೆಯ 285ನೇ ವಿಧಿಯ 3ನೇ ಉಪವಿಧಿಯು ನಾಗರಿಕ ಅಧಿಕಾರವನ್ನು ಚಲಾಯಿಸುವ ಹುದ್ದೆಗಳನ್ನು ಗುರುಗಳಿಗೆ ನಿಷೇಧಿಸಿದೆ. ಪಂಚಾಯಿತಿ ಚುನಾವಣೆಗೆ ನಿಲ್ಲುವುದಿಲ್ಲವೆಂಬ ಮಾತ್ರಕ್ಕೆ ಈ ವಿಧಿಯನ್ನು ಪಾಲಿಸಿದೆವೆಂದು ನಾವು ತೃಪ್ತರಾಗುತ್ತೇವೆ. ಹುದ್ದೆಯಿಲ್ಲದೆಯೂ ಅರ್ಜಿಯ ಒಕ್ಕಣೆಯ ಮೂಲಕ ಊರಿನ ಆಯ್ಕೆಯನ್ನು ತಿರುಗಿಸಬಹುದು. ಅಕ್ಷರ ಬಲ್ಲವನ ಕೈಯಲ್ಲಿ ಲೇಖನಿಯೇ ಹುದ್ದೆ.

ಪವಿತ್ರ ಗ್ರಂಥದ ಪರಿಚಿತ ಪ್ರಸಂಗಗಳನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯದಲ್ಲಿ ಗ್ರೀಕ್ ಭಾಷಿಕ ವಿಧವೆಯರನ್ನು ದಿನನಿತ್ಯದ ವಿತರಣೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಏಳುತ್ತದೆ. ಪ್ರೇಷಿತರು ಆ ದೂರನ್ನು ಇನ್ನೊಂದು ಉನ್ನತ ವಿಷಯಕ್ಕೆ ತಿರುಗಿಸುವುದಿಲ್ಲ. ದೂರು ಅನ್ನದ್ದು, ಪರಿಹಾರವೂ ಅನ್ನದ್ದೇ. ಅವರು ಅರ್ಹತೆಗಳನ್ನು ಹೇಳಿ ಆಯ್ಕೆಯನ್ನು ಸಮುದಾಯಕ್ಕೆ ಬಿಡುತ್ತಾರೆ. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಸೇವೆಯನ್ನು ಒಪ್ಪಿಸಿದಂತಿದೆ. ಹಳೆಯ ಒಡಂಬಡಿಕೆಯಲ್ಲಿಯೂ ಇಂಥದೊಂದು ಸೂಕ್ಷ್ಮವಿದೆ. ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಮಾವ ಇತ್ರೋನ ಸಲಹೆಯಂತೆ ಮೋಶೆಯೇ ನಾಯಕರನ್ನು ಆರಿಸುತ್ತಾನೆ. ಧರ್ಮೋಪದೇಶಕಾಂಡದ ಮೊದಲ ಅಧ್ಯಾಯ ಅದೇ ಘಟನೆಯನ್ನು ನೆನೆಯುವಾಗ, ಆರಿಸಿಕೊಳ್ಳಿರೆಂದು ಜನರಿಗೇ ಹೇಳಿದನೆನ್ನುತ್ತದೆ. ಎರಡು ಪಾಠಗಳ ವ್ಯತ್ಯಾಸವನ್ನು ಪರಂಪರೆಗಳ ಭೇದವೆಂದು ತರಗತಿಯಲ್ಲಿ ವಿವರಿಸಿ ಮುಗಿಸುತ್ತಿದ್ದೆ. ತಾಂಡಾದಿಂದ ಬಂದ ಮೇಲೆ ಆ ಪಾಠವನ್ನು ಅಷ್ಟು ಬೇಗ ಮುಗಿಸಲಾಗುತ್ತಿಲ್ಲ.

ಇನ್ನೂ ಹತ್ತಿರದ್ದು ಮಾರ್ಕನ 10ನೇ ಅಧ್ಯಾಯದ ಬಾರ್ತಿಮಾಯ. ಆತ ಕುರುಡನೆಂಬುದು ಜೆರಿಕೋದ ದಾರಿಯಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಆದರೂ ತನ್ನಿಂದ ಏನಾಗಬೇಕೆಂದು ಯೇಸುಸ್ವಾಮಿ ಆತನನ್ನೇ ಕೇಳುತ್ತಾರೆ. ಕೊರತೆ ಕಣ್ಣಿಗೆ ಕಾಣುತ್ತಿದ್ದರೂ ಬೇಡಿಕೆ ಬೇಡುವವನ ಬಾಯಿಂದಲೇ ಬರಬೇಕು.

ಮೂಲಕ್ಕೆ ಮರಳಿ ಬಳಗವನ್ನು ಹೊಸದಾಗಿ ಕಟ್ಟಿದಾಗ ನಾವು ಮಾಡಿದ ಬದಲಾವಣೆಗಳು ಸಣ್ಣವು. ಒಂದು ಉದ್ದ ನೋಟುಬುಕ್ಕು ತಂದೆವು. ಎಡಪುಟದಲ್ಲಿ ಕೇಳಿದವರ ಮಾತು, ಅವರು ಆಡಿದ ಹಾಗೆಯೇ, ಲಂಬಾಣಿಯಲ್ಲಿ ಹೇಳಿದ್ದರೆ ಲಂಬಾಣಿಯಲ್ಲಿಯೇ, ಕನ್ನಡ ಲಿಪಿಯಲ್ಲಿ. ಬಲಪುಟದಲ್ಲಿ ನಾವು ತಿದ್ದಿ ಬರೆದ ಪ್ರಸ್ತಾವ. ಬಲಪುಟವನ್ನು ಓಣಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳದೆ ಪಂಚಾಯಿತಿಗೆ ಒಯ್ಯುವಂತಿಲ್ಲ. ‘ಇದು ನಮ್ಮದಲ್ಲ’ ಎಂದು ಅವರು ಅಂದರೆ ಆ ಪುಟಕ್ಕೆ ಅಡ್ಡಗೆರೆ. ಮೊದಲ ವರ್ಷವೇ ಹನ್ನೊಂದು ಪುಟಗಳಿಗೆ ಗೆರೆ ಬಿದ್ದಿತು. ಅವುಗಳಲ್ಲಿ ನಾಲ್ಕು ನನ್ನ ಕೈಬರಹದವು. ಬಳಗದ ಸದಸ್ಯತ್ವಕ್ಕೆ ಎರಡು ವರ್ಷದ ಮಿತಿ ಹಾಕಿದೆವು. ಅರ್ಜಿ ತೆಗೆದುಕೊಂಡು ಬಂದಿದ್ದವರಲ್ಲಿ ಇಬ್ಬರು ಈಗ ಬಳಗದಲ್ಲಿಯೇ ಇದ್ದಾರೆ. ನಾನು ಸಭೆಯನ್ನು ನಡೆಸುವುದಿಲ್ಲ, ಕರೆದಾಗ ಹೋಗುತ್ತೇನೆ. ಇದು ಸುಲಭವಾಗಿರಲಿಲ್ಲ, ಈಗಲೂ ಅಲ್ಲ. ತಿದ್ದುವುದು ಅಧ್ಯಾಪಕನ ಚಟ.

ಬಹುಮುಖ್ಯವಾದದ್ದು ಹಿಂತಿರುಗಿ ಹೋಗುವ ಕೆಲಸ. ಗ್ರಾಮಸಭೆ ಮುಗಿದ ಹದಿನೈದು ದಿನಗಳೊಳಗೆ ಬಳಗದವರಿಬ್ಬರು ಪ್ರತಿ ಓಣಿಗೂ ಹೋಗಿ ಯಾವ ಬೇಡಿಕೆ ಯೋಜನೆಗೆ ಸೇರಿತು, ಯಾವುದು ಬಿಟ್ಟುಹೋಯಿತು, ಏಕೆ ಎಂದು ಹೇಳಬೇಕು. ಸೋತ ಅರ್ಜಿಯ ಸುದ್ದಿ ಒಯ್ಯಲು ಯಾರಿಗೂ ಇಷ್ಟವಿರಲಿಲ್ಲ. ಆದರೆ ಜನರ ಮುನಿಸು ಸೋಲಿನ ಬಗ್ಗೆಯಲ್ಲ, ಮೌನದ ಬಗ್ಗೆ ಎಂಬುದು ಹೋದವರಿಗೆ ತಿಳಿಯಿತು. 2024ರ ಅಕ್ಟೋಬರ್ 26ರಂದು ಪೋಪ್ ಫ್ರಾನ್ಸಿಸರು ಅಂಗೀಕರಿಸಿದ ಸಿನೋಡಿನ ಅಂತಿಮ ದಸ್ತಾವೇಜು ಪಾರದರ್ಶಕತೆ, ಉತ್ತರದಾಯಿತ್ವ, ಮೌಲ್ಯಮಾಪನ ಎಂಬ ಮೂರನ್ನು ಒಟ್ಟಿಗೆ ಹೇಳುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಸಿನೋಡಿನ ಹೆಸರಿನಲ್ಲಿ ಜನರಿಂದ ಅಭಿಪ್ರಾಯ ಸಂಗ್ರಹಿಸಿದೆವಲ್ಲ, ಆ ಹಾಳೆಗಳ ಗತಿಯೇನಾಯಿತೆಂದು ಎಷ್ಟು ಕಡೆ ಹಿಂತಿರುಗಿ ಹೇಳಿದ್ದೇವೆ? ಪಂಚಾಯಿತಿಯನ್ನು ಆಕ್ಷೇಪಿಸುವ ಮೊದಲು ಈ ಪ್ರಶ್ನೆ ನಮ್ಮ ಅಂಗಳದಲ್ಲಿಯೂ ನಿಲ್ಲುತ್ತದೆ.

ತಾಂಡಾದ ದಾರಿಯ ಬೇಡಿಕೆಯನ್ನು ಮತ್ತೆ ಎಡಪುಟದಿಂದ ಆರಂಭಿಸಿದೆವು. ಈ ಬಾರಿ ಬಳಗ ಮಾಡಿದ್ದು ತನ್ನ ನಿಜವಾದ ಕೆಲಸ. ಗ್ರಾಮ ನಕಾಶೆ ತರಿಸಿ, ಸರ್ವೇ ನಂಬರುಗಳ ಪಹಣಿ ತೆಗೆಸಿ ನೋಡಿದಾಗ ದಾರಿ ಒಬ್ಬರ ಪಟ್ಟಾ ಜಮೀನಿನಲ್ಲಿ ಹಾಯುತ್ತದೆ ಎಂಬುದು ಖಚಿತವಾಯಿತು. ಹೀಗಾಗಿ ಪಂಚಾಯಿತಿಯೊಂದೇ ಇದನ್ನು ಮಾಡಿಕೊಡಲಾರದು, ಮೊದಲ ಅರ್ಜಿ ಕಂದಾಯ ಇಲಾಖೆಗೆ, ತಹಸೀಲ್ದಾರರ ಕಚೇರಿಗೆ ಹೋಗಬೇಕು. ಜಾಗ ಇತ್ಯರ್ಥವಾದ ಮೇಲೆ ಮಣ್ಣು, ಜಲ್ಲಿ ಹಾಕುವ ಕೆಲಸ ಮಾತ್ರ ಪಂಚಾಯಿತಿಯದು ಎಂದು ವಿವರಿಸಿದೆವು. ವರ್ಷಗಳೇ ಹಿಡಿಯಬಹುದೆಂದೂ ಹೇಳಿದೆವು. ಬೇಕಾದರೆ ಈ ವರ್ಷ ಬೇರೆಯದನ್ನು ಕೇಳಬಹುದೆಂದು ನಮ್ಮ ಯುವಕ ಮೆಲ್ಲಗೆ ಸೂಚಿಸಿದ. ಅವರು ತಮ್ಮತಮ್ಮಲ್ಲಿ ಬಹಳ ಹೊತ್ತು ಮಾತಾಡಿಕೊಂಡರು. ದಾರಿಯೇ ಇರಲಿ ಎಂದರು.

ಆ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹೋದ ಮಳೆಗಾಲದಲ್ಲಿ ತಾಂಡಾದಲ್ಲಿ ಒಂದು ಸಾವಾಯಿತು. ಬಳಗದ ನಾಲ್ವರು ಹೋಗಿ ಎರೆಯಲ್ಲಿ ಹೆಣಕ್ಕೆ ಹೆಗಲು ಕೊಟ್ಟರು. ಮರುದಿನ ನೋಟುಬುಕ್ಕಿನ ಎಡಪುಟದಲ್ಲಿ, ಹಳೆಯ ಬೇಡಿಕೆಯ ಕೆಳಗೆ, ತಾಂಡಾದವರು ದಿನಾಂಕವನ್ನೂ ಹೊಲ ದಾಟಲು ಹಿಡಿದ ಸಮಯವನ್ನೂ ತಾವೇ ಬರೆಸಿದರು.