ಗೇಜಿಗೆ ಇರುವ ಪರೀಕ್ಷೆ ವ್ಯಕ್ತಿತ್ವ ಪರೀಕ್ಷೆಗೇಕಿಲ್ಲ?

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಅಳತೆಯ ಉಪಕರಣವನ್ನು ನಂಬುವ ಮೊದಲು ಅದನ್ನೇ ಪರೀಕ್ಷೆಗೆ ಒಡ್ಡುತ್ತವೆ. ಸಾಮಾನ್ಯವಾಗಿ ಹತ್ತು ಬಿಡಿಭಾಗಗಳನ್ನು ಆರಿಸಿ, ಮೂವರು ಇನ್‌ಸ್ಪೆಕ್ಟರುಗಳ ಕೈಗೆ ಒಂದೇ ಮೈಕ್ರೋಮೀಟರ್ ಕೊಟ್ಟು, ಹಿಂದಿನ ಅಂಕಿ ಕಾಣದಂತೆ ಎರಡು ಮೂರು ಸಲ ಅಳೆಸುತ್ತಾರೆ. ಬಂದ ಅಂಕಿಗಳ ಏರುಪೇರಿನಲ್ಲಿ ಬಿಡಿಭಾಗಗಳ ನಡುವಿನ ನಿಜವಾದ ವ್ಯತ್ಯಾಸ ಎಷ್ಟು, ಅಳತೆಯದೇ ದೋಷ ಎಷ್ಟು ಎಂದು ಬೇರ್ಪಡಿಸುತ್ತಾರೆ. ದೋಷದ ಪಾಲು ಶೇ 10ರ ಒಳಗಿದ್ದರೆ ಸರಿ, ಶೇ 30 ದಾಟಿದರೆ ಆ ಅಳತೆಯನ್ನು ಒಪ್ಪುವಂತಿಲ್ಲ. ‘ಗೇಜ್ ಆರ್ ಅಂಡ್ ಆರ್’ ಎಂಬ ಈ ಪರೀಕ್ಷೆಯ ಹೆಸರು ಕ್ವಾಲಿಟಿ ವಿಭಾಗದವರಿಗೆಲ್ಲ ಬಾಯಿಪಾಠ. ಆದರೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಹಾಗೆಯೇ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ, ಎಚ್‌ಆರ್ ವಿಭಾಗ ಮನುಷ್ಯರ ‘ವರ್ತನಾ ಶೈಲಿ’ ಅಳೆಯಲು ಒಂದು ಪ್ರಶ್ನಾವಳಿ ಹಂಚಿದಾಗ, ಅದರ ದೋಷದ ಪಾಲು ಎಷ್ಟೆಂದು ಕೇಳುವವರು ಅಪರೂಪ. ಇಪ್ಪತ್ತು ನಿಮಿಷದಲ್ಲಿ ‘ನೀವು ಡಿ’, ‘ಅವರು ಎಸ್’ ಎಂಬ ಬಣ್ಣಬಣ್ಣದ ವರದಿ ಬರುತ್ತದೆ. ಆಮೇಲೆ ಆ ಅಕ್ಷರ ಮೀಟಿಂಗಿನಿಂದ ಮೀಟಿಂಗಿಗೆ, ಕೆಲವೆಡೆ ಅಪ್ರೈಸಲ್‌ವರೆಗೂ, ಮನುಷ್ಯನ ಬೆನ್ನಿಗಂಟಿಕೊಂಡು ಹೋಗುತ್ತದೆ.

ಇಂಥ ಪ್ರಶ್ನಾವಳಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ‘ಡಿಸ್ಕ್’. ಅದರ ಹಳೆಯ ಮಾದರಿಯ ಒಂದು ಪ್ರಶ್ನೆ ಹೀಗಿರುತ್ತದೆ: ದಿಟ್ಟ, ಮಾತುಗಾರ, ತಾಳ್ಮೆಯುಳ್ಳ, ಕರಾರುವಾಕ್ಕಾದ ಎಂಬಂಥ ನಾಲ್ಕು ಪದಗಳು. ನಿಮಗೆ ಅತಿ ಹೆಚ್ಚು ಹೊಂದುವುದೊಂದು, ಅತಿ ಕಡಿಮೆ ಹೊಂದುವುದೊಂದು ಗುರುತು ಮಾಡಬೇಕು. ಇಂಥ ಎರಡು ಡಜನ್ ಗುಂಪುಗಳು ಮುಗಿದರೆ ವರದಿ ಸಿದ್ಧ: ದಿಟ್ಟತನ ಮುಂದಿದ್ದರೆ ‘ಡಿ’, ತಾಳ್ಮೆ ಮುಂದಿದ್ದರೆ ‘ಎಸ್’, ಹೀಗೆ. ಇಬ್ಬರು ಎಂಜಿನಿಯರುಗಳನ್ನು ಕಲ್ಪಿಸಿಕೊಳ್ಳಿ. ಈ ನಾಲ್ಕು ಗುಣಗಳನ್ನು ಹತ್ತರ ಮಾಪಕದಲ್ಲಿ ನಿಜವಾಗಿಯೂ ಅಳೆಯಲು ಸಾಧ್ಯವಿದ್ದಿದ್ದರೆ ಒಬ್ಬಳಿಗೆ ದಿಟ್ಟತನದಲ್ಲಿ 9, ಕರಾರುವಾಕ್ಕುತನದಲ್ಲಿ 8, ಮಾತುಗಾರಿಕೆಯಲ್ಲಿ 7, ತಾಳ್ಮೆಯಲ್ಲಿ 6 ಸಿಗುತ್ತಿತ್ತು ಎನ್ನೋಣ. ಇನ್ನೊಬ್ಬನಿಗೆ ಅದೇ ಕ್ರಮದಲ್ಲಿ 5, 4, 3, 2. ಇಬ್ಬರೂ ‘ಹೆಚ್ಚು’ ಎಂದು ದಿಟ್ಟತನವನ್ನು, ‘ಕಡಿಮೆ’ ಎಂದು ತಾಳ್ಮೆಯನ್ನು ಗುರುತು ಮಾಡುತ್ತಾರೆ. ಇಬ್ಬರ ಕೈಗೂ ಒಂದೇ ವರದಿ ಬರುತ್ತದೆ. ಆಕೆಯ ಅತಿ ಕಡಿಮೆ ಗುಣವೂ ಆತನ ಅತಿ ಹೆಚ್ಚಿನ ಗುಣಕ್ಕಿಂತ ಮೇಲಿದೆ ಎಂಬುದು ವರದಿಯಲ್ಲಿ ಎಲ್ಲೂ ಕಾಣುವುದಿಲ್ಲ. ಈ ಬಗೆಯ ಪ್ರಶ್ನಾವಳಿ ನಿಮ್ಮ ಗುಣಗಳನ್ನು ನಿಮ್ಮದೇ ಬೇರೆ ಗುಣಗಳ ಜೊತೆ ತೂಗುತ್ತದೆಯೇ ಹೊರತು ಪಕ್ಕದ ಸೀಟಿನವರ ಜೊತೆಗಲ್ಲ. ದೊಡ್ಡದೊಂದು ತಪ್ಪು ತಿಳಿವಳಿಕೆಯ ಮೂಲ ಇಲ್ಲಿದೆ: ಒಬ್ಬ ವ್ಯಕ್ತಿಯ ಒಳಗಿನ ಕ್ರಮವನ್ನು ಹೇಳುವ ಅಂಕಿಯನ್ನು ವ್ಯಕ್ತಿಗಳ ನಡುವಿನ ಹೋಲಿಕೆಯಾಗಿ ಓದುತ್ತೇವೆ. ‘ಇವರಿಗಿಂತ ಅವರು ದಿಟ್ಟರು, ಟೀಮ್ ಲೀಡ್ ಅವರಿಗೇ ಇರಲಿ’ ಎನ್ನುವ ತೀರ್ಮಾನ ಈ ಲೆಕ್ಕದಿಂದ ಹುಟ್ಟಲಾರದು.

ಹಾಗಾದರೆ ಇಂಥ ಪ್ರಶ್ನೆ ಕೇಳುವುದಾದರೂ ಏಕೆ ಎಂದರೆ ಅದಕ್ಕೂ ಕಾರಣವಿದೆ. ಪ್ರತಿಯೊಂದು ಗುಣಕ್ಕೂ ಬೇರೆ ಬೇರೆಯಾಗಿ ಅಂಕ ಕೊಡಿ ಎಂದರೆ ಎಲ್ಲದರಲ್ಲೂ ತಮ್ಮನ್ನು ಒಳ್ಳೆಯವರಾಗಿ ತೋರಿಸಿಕೊಳ್ಳುವವರೇ ಹೆಚ್ಚು. ಅದನ್ನು ತಡೆಯಲು ಒಂದನ್ನೇ ಆರಿಸುವಂತೆ ಕಟ್ಟಿಹಾಕುತ್ತಾರೆ. ಈಚಿನ ಕೆಲವು ಮಾದರಿಗಳು ಈ ರೀತಿಯನ್ನು ಬಿಟ್ಟಿವೆ, ಇನ್ನು ಕೆಲವು ಹೊಸ ಸಂಖ್ಯಾಶಾಸ್ತ್ರದ ನೆರವಿನಿಂದ ಹೋಲಿಕೆಗೆ ದಾರಿ ಮಾಡಿಕೊಂಡಿವೆ. ಆದ್ದರಿಂದ ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುವಂತಿಲ್ಲ. ಕೈಯಲ್ಲಿರುವುದು ಯಾವ ಮಾದರಿ ಎಂದು ವಿಚಾರಿಸಿಕೊಳ್ಳಬೇಕು, ಅಷ್ಟೇ.

ಡಿಸ್ಕ್‌ನ ಕಲ್ಪನೆ ಹುಟ್ಟಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೋಲ್ಟನ್ ಮಾರ್ಸ್ಟನ್ ತಲೆಯಲ್ಲಿ, 1928ರ ಅವನ ಪುಸ್ತಕದಲ್ಲಿ. ಸಾಮಾನ್ಯ ಮನುಷ್ಯರ ಭಾವನೆಗಳಿಗೆ ಅವನು ನಾಲ್ಕು ಮನೆ ಮಾಡಿದ, ಪ್ರಶ್ನಾವಳಿಯನ್ನೇನೂ ರಚಿಸಲಿಲ್ಲ. ಅದನ್ನು ಕಟ್ಟಿದವರು ನಂತರದವರು. ಇಂದಿನ ರೂಪ ಬಂದದ್ದು 1970ರ ದಶಕದಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಜಾನ್ ಗೇಯರ್ ಕೈಯಲ್ಲಿ. ಇದೇ ಮಾರ್ಸ್ಟನ್ ‘ವಂಡರ್ ವುಮನ್’ ಕಾಮಿಕ್ಸ್‌ನ ಸೃಷ್ಟಿಕರ್ತನೂ ಹೌದು. ರಕ್ತದೊತ್ತಡದ ಏರಿಳಿತದಿಂದ ಸುಳ್ಳು ಹಿಡಿಯಬಹುದೆಂದು ಹೊರಟವನೂ ಅವನೇ. ಸುಳ್ಳು ಪತ್ತೆ ಯಂತ್ರದ ಮೂಲಗಳಲ್ಲಿ ಅದೂ ಒಂದು. ಆ ಯಂತ್ರದ ವಂಶದ ಪಾಲಿಗ್ರಾಫ್ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಹೆಸರು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’. ಒಂದೇ ತಲೆಯ ಎರಡು ಯೋಚನೆಗಳಲ್ಲಿ ಒಂದು ನ್ಯಾಯಾಲಯದ ಕಟಕಟೆ ಹತ್ತಿತು. ಇನ್ನೊಂದು ಟೀಮ್ ಬಿಲ್ಡಿಂಗ್ ಹೆಸರಿನಲ್ಲಿ ಆರಾಮವಾಗಿ ಓಡಾಡಿಕೊಂಡಿದೆ.

‘ಅದೆಲ್ಲ ಇರಲಿ, ನನ್ನ ವರದಿ ನನ್ನನ್ನು ಇದ್ದ ಹಾಗೇ ಹೇಳಿದೆಯಲ್ಲ?’ ಎಂಬುದು ಎಲ್ಲರ ಮೊದಲ ಆಕ್ಷೇಪ. ಇದಕ್ಕೆ ಉತ್ತರ 1948ರಲ್ಲೇ ಸಿಕ್ಕಿದೆ. ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ‘ನಿಮ್ಮದೇ’ ಎಂದು ಒಂದು ವಿವರಣೆ ಹಂಚಿದ. ಅದು ಎಷ್ಟು ನಿಖರವಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಸರಾಸರಿ 4.26 ಬಂತು. ಅಸಲಿಗೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಹಾಳೆ. ಅದರ ಬಹುಪಾಲು ವಾಕ್ಯಗಳು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷದ ಪುಸ್ತಕದಿಂದ ಎತ್ತಿದವು. ಡಿಸ್ಕ್ ವರದಿ ಜಾತಕದಷ್ಟು ಪೊಳ್ಳು ಎಂದು ಇದರ ಅರ್ಥವಲ್ಲ. ನೀವೇ ಕೊಟ್ಟ ಉತ್ತರಗಳನ್ನು ಅಚ್ಚುಕಟ್ಟಾದ ವಾಕ್ಯಗಳಲ್ಲಿ ತಿರುಗಿ ಹೇಳಿದರೆ ಅದು ನಿಮ್ಮಂತೆ ಕಾಣುವುದು ಸಹಜವೇ. ಆದರೆ ‘ಸರಿಯೆನಿಸಿತು’ ಎಂಬುದು ಅಳತೆ ಸರಿಯಾಗಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಇನ್ನೊಂದು ನಂಬಿಕೆ, ಶೈಲಿ ಎಂದರೆ ಹುಟ್ಟುಗುಣ, ಬದಲಾಗದ್ದು ಎಂಬುದು. ಗೇಜಿನ ಮಾತು ಇಲ್ಲಿ ಮತ್ತೆ ಬೇಕಾಗುತ್ತದೆ. ಡಿಸ್ಕ್‌ನ ದಾಯಾದಿಯಂತಿರುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುತ್ತದೆ. ಐದು ವಾರ ಬಿಟ್ಟು ಮತ್ತೆ ಅದೇ ಪರೀಕ್ಷೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ಬೇರೆ ಬಗೆಗೆ ಸೇರಿಹೋಗಬಹುದೆಂದು ಅಧ್ಯಯನಗಳು ತೋರಿಸಿವೆ. ಅವರ ಸ್ವಭಾವವೇನೂ ಐದು ವಾರದಲ್ಲಿ ಬದಲಾಗಿರುವುದಿಲ್ಲ. ಜನರ ಅಂಕಗಳು ಮಾಪಕದ ನಡುವಿನಲ್ಲೇ ದಟ್ಟವಾಗಿ ಸೇರಿರುತ್ತವೆ. ಅಲ್ಲೇ ಗೆರೆ ಎಳೆದು ಎರಡು ಪಂಗಡ ಮಾಡಿದರೆ ಒಂದೆರಡು ಉತ್ತರ ಆಚೀಚೆಯಾದರೂ ಮನುಷ್ಯ ಗೆರೆ ದಾಟುತ್ತಾನೆ. ಜೊತೆಗೆ, ನಡವಳಿಕೆಗೆ ಸನ್ನಿವೇಶದ ಪಾಲೂ ದೊಡ್ಡದು ಎಂದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲೇ ಪ್ರಬಲವಾಗಿ ವಾದಿಸಿದ್ದ. ಕ್ಲೈಂಟ್ ಕಾಲ್‌ನಲ್ಲಿ ಬಾಯಿ ಬಿಡದ ಡೆವಲಪರ್, ರಾತ್ರಿ ಸರ್ವರ್ ಬಿದ್ದಾಗ ಇಡೀ ಟೀಮಿಗೆ ಆಜ್ಞೆ ಕೊಡುತ್ತಾನೆ. ನೈಟ್ ಶಿಫ್ಟ್‌ನಲ್ಲಿ ರಿಜೆಕ್ಷನ್ ಏರಿತೆಂದರೆ ಎಂಥ ಮಿತಭಾಷಿ ಆಪರೇಟರನೂ ಸೂಪರ್‌ವೈಸರ್ ಮುಂದೆ ದನಿ ಎತ್ತುತ್ತಾನೆ. ಇವರಲ್ಲಿ ಯಾರು ‘ಡಿ’, ಯಾರು ‘ಎಸ್’?

ಅಂಕವನ್ನು ಯಾರ ಜೊತೆ ಹೋಲಿಸಿ ಹೇಳುತ್ತಿದ್ದಾರೆ ಎಂಬುದೂ ಕೇಳಬೇಕಾದ ಪ್ರಶ್ನೆ. ಈ ವಿಷಯದಲ್ಲಿ ಕನ್ನಡ ನಾಡು ಹಿಂದೆ ಹೆಚ್ಚು ಎಚ್ಚರದಿಂದಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದಾಗ ಅದರ ಹೊಣೆ ಹೊತ್ತ ಎಂ. ವಿ. ಗೋಪಾಲಸ್ವಾಮಿ ಪಶ್ಚಿಮದ ಬುದ್ಧಿ ಪರೀಕ್ಷೆಗಳನ್ನು ಇಲ್ಲಿಗೆ ಒಗ್ಗಿಸುವ ಕೆಲಸದಲ್ಲಿ ತೊಡಗಿದರು. ವಿ. ವಿ. ಕಾಮತ್ 1930ರ ದಶಕದಲ್ಲಿ ಬಿನೆ ಬುದ್ಧಿ ಪರೀಕ್ಷೆಯನ್ನು ಮುಂಬೈ ಕರ್ನಾಟಕದ ಮಕ್ಕಳಿಗಾಗಿ ಕನ್ನಡ, ಮರಾಠಿಗಳಲ್ಲಿ ಪರಿಷ್ಕರಿಸಿದರು; ಬೇರೆ ದೇಶದ ಮಕ್ಕಳ ಮಾನದಂಡವನ್ನು ಇಲ್ಲಿಯ ಮಕ್ಕಳ ಮೇಲೆ ಹೇರದೆ, ಇಲ್ಲಿಯವರನ್ನೇ ಪರೀಕ್ಷಿಸಿ ಮಾನದಂಡ ಕಟ್ಟಿದರು. ಅದು ‘ಬಿನೆ-ಕಾಮತ್’ ಎಂದೇ ಹೆಸರಾಗಿದೆ. ಹಾಸನದಿಂದಲೋ ಒಡಿಶಾದಿಂದಲೋ ಬಂದ ಹುಡುಗನ ಅಂಕವನ್ನು ಇಂದು ಹೊರದೇಶದ ಮ್ಯಾನೇಜರುಗಳ ಸರಾಸರಿಯೊಂದಿಗೆ ಹೋಲಿಸಿದರೆ, ಆ ಎಚ್ಚರವನ್ನು ಕೈಬಿಟ್ಟಂತೆ.

ಎಚ್‌ಆರ್‌ನವರ ಕಷ್ಟವೂ ಸುಳ್ಳಲ್ಲ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಹೇಗೋ ಆರಿಸಲೇಬೇಕಲ್ಲ? ಆರಿಸಲು ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಬಗೆಗಿನ ದಶಕಗಳ ಸಂಶೋಧನೆಯನ್ನು ಮರುಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಮುಂದಿನ ಕೆಲಸದ ಗುಣಮಟ್ಟದೊಂದಿಗೆ ಪೂರ್ಣ ಹೊಂದಾಣಿಕೆಗೆ 1 ಎಂದಿಟ್ಟುಕೊಂಡರೆ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಮಾಪಕದಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42, ಮಾಡಬೇಕಾದ ಕೆಲಸದ ತುಣುಕನ್ನೇ ಮಾಡಿಸಿ ನೋಡುವುದಕ್ಕೆ 0.33 ಸಿಕ್ಕಿತು. ಸಂಶೋಧಕರು ಹೆಚ್ಚು ನಂಬುವ ‘ಐದು ಗುಣಗಳ’ ಮಾದರಿಯಲ್ಲಿ ಕರ್ತವ್ಯನಿಷ್ಠೆಯ ಅಂಕಕ್ಕೇ ಸಿಕ್ಕಿದ್ದು 0.19. ಹೀಗಿರುವಾಗ ಸಾಮರ್ಥ್ಯವನ್ನು ಅಳೆಯುವ ಉದ್ದೇಶವೇ ಇಲ್ಲದ ಶೈಲಿ ವರದಿಯಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ಅನ್ಯಾಯ. ವಿಶೇಷವೆಂದರೆ ಇದನ್ನು ತಯಾರಕರೇ ಒಪ್ಪುತ್ತಾರೆ: ಡಿಸ್ಕ್‌ನ ದೊಡ್ಡ ಪ್ರಕಾಶಕರು ನೇಮಕಾತಿಗೆ ಅದನ್ನು ಶಿಫಾರಸು ಮಾಡುವುದಿಲ್ಲ, ಮೈಯರ್ಸ್-ಬ್ರಿಗ್ಸ್ ಕಡೆಯವರು ಅಂಥ ಬಳಕೆ ಅನೈತಿಕ ಎಂದೇ ಹೇಳುತ್ತಾರೆ. ಹೊಸ ಟೀಮಿನವರು ಒಬ್ಬರನ್ನೊಬ್ಬರು ಅರಿಯಲು, ‘ನನಗೆ ಮೊದಲು ವಿವರ ಬೇಕು, ನಿನಗೆ ಮೊದಲು ತೀರ್ಮಾನ ಬೇಕು’ ಎಂದು ಮುಲಾಜಿಲ್ಲದೆ ಮಾತಾಡಲು ಇದೊಂದು ನೆಪವಾದರೆ ಸಂತೋಷ. ಆ ಕೆಲಸಕ್ಕೆ ಇದು ಸಾಕು.

ಆದ್ದರಿಂದ ಮುಂದಿನ ಸಲ ಇಂಥ ಪ್ರಶ್ನಾವಳಿ ನಿಮ್ಮ ಇನ್‌ಬಾಕ್ಸಿಗೆ ಬಂದಾಗ ತುಂಬುವ ಮೊದಲು ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಇದರ ತಾಂತ್ರಿಕ ಕೈಪಿಡಿ ಎಲ್ಲಿ, ಒಬ್ಬರೇ ಎರಡು ಸಲ ಬರೆದರೆ ಫಲಿತಾಂಶ ಎಷ್ಟರಮಟ್ಟಿಗೆ ಹೊಂದುತ್ತದೆ, ಯಾವ ದೇಶದ ಎಂಥ ಜನರ ಜೊತೆ ಹೋಲಿಕೆ, ವರದಿ ಯಾರ ಬಳಿ ಎಷ್ಟು ಕಾಲ ಇರುತ್ತದೆ, ಬಡ್ತಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.